ಪೇಟಿ ಮಾಸ್ತರರ ಕಾಲಡಿಯ ಕಂಪ್ಯೂಟರ್

ನಾನು ಒಂದು ಕಂಪ್ಯೂಟರ್. ಹೀಗೆಂದ ಕೂಡಲೇ ಎಲ್ಲರೂ ಪರದೆಯ ಕಡೆ ನೋಡುತ್ತಾರೆ. ಅವನಲ್ಲ ಸ್ವಾಮಿ, ನಾನು ಕೆಳಗಿದ್ದೇನೆ. ಮೇಜಿನ ಅಡಿಯಲ್ಲಿ, ಚಪ್ಪಲಿಗಳ ಪಕ್ಕದಲ್ಲಿರುವ ಕಪ್ಪು ತಗಡಿನ ಪೆಟ್ಟಿಗೆ. ದುಡಿಯುವವನು ನಾನು, ಹೊಗಳಿಸಿಕೊಳ್ಳುವವನು ಅವನು. ಇರಲಿ. ಇಲ್ಲಿ ಕೂತು ಕೂತು ನನಗೆ ಮನುಷ್ಯರ ಮುಖ ಮರೆತೇ ಹೋಗಿದೆ. ಕಾಲು ಗೊತ್ತು, ದನಿ ಗೊತ್ತು. ಅಷ್ಟರಲ್ಲೇ ಬೇಕಾದಷ್ಟು ತಿಳಿಯುತ್ತದೆ.

ನನ್ನನ್ನು ಜೋಡಿಸಿದ್ದು ಹುಬ್ಬಳ್ಳಿಯ ಒಂದು ಅಂಗಡಿಯ ಅಟ್ಟದ ಮೇಲೆ. ಜೋಡಿಸಿದವನು ತುಟಿಯಲ್ಲಿ ಸ್ಕ್ರೂ ಕಚ್ಚಿಕೊಂಡು ಹಾಡು ಗುನುಗುತ್ತಿದ್ದ. ಹಾಡಿನ ಗುಂಗಿನಲ್ಲಿ ಕೊನೆಯ ಸ್ಕ್ರೂ ಬಾಯಲ್ಲೇ ಉಳಿಯಿತು. ಹಾಗಾಗಿ ನನ್ನ ಒಂದು ಮಗ್ಗುಲು ಹುಟ್ಟಿನಿಂದಲೂ ಗುಂಯ್ ಎನ್ನುತ್ತದೆ.

ಮೊದಲು ನನ್ನನ್ನು ಕೊಂಡವನು ಮುಂಡರಗಿಯ ಫೋಟೋ ಸ್ಟುಡಿಯೋದ ಅಶೋಕ ಕಬ್ಬೂರ. ಅಲ್ಲಿ ಮದುವೆ ಆಲ್ಬಮ್ಮಿನ ಕೆಲಸ. ಊರಿನ ಎಷ್ಟೋ ಗಂಡುಹೆಣ್ಣುಗಳನ್ನು ಎತ್ತಿ ಹಿಮದ ಬೆಟ್ಟದ ಮೇಲೆ ನಿಲ್ಲಿಸಿದ್ದೇನೆ. ಬೆಟ್ಟ ಬದಲಾದರೂ ಮದುಮಗನ ಕಾಲಲ್ಲಿ ಅದೇ ಹವಾಯಿ ಚಪ್ಪಲಿ. ನನಗೆ ವಯಸ್ಸಾಗಿ ಉಸಿರು ಹತ್ತತೊಡಗಿದಾಗ ಅಶೋಕ ಹೊಸಬನನ್ನು ತಂದ. ನನ್ನನ್ನು ಪಕ್ಕದ ಮನೆಗೆ ದಾಟಿಸಿದ. ನನ್ನ ತಲೆನೋವು ಶುರುವಾದದ್ದು ಅಲ್ಲಿಂದ.

ಅದು ಫಕ್ಕೀರಯ್ಯ ಮಾಸ್ತರರ ಮನೆ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ, ಅದನ್ನು ನುಡಿಸಿ ನಾಟಕ ಕಲಿಸುವವರು ಪೇಟಿ ಮಾಸ್ತರರು. ಇವರದು ಕಾಲುಪೇಟಿ. ಎರಡೂ ಪಾದಗಳಿಂದ ತುಳಿದು ಗಾಳಿ ಹಾಕಬೇಕು, ಎರಡೂ ಕೈಯಲ್ಲಿ ನುಡಿಸಬೇಕು. ಸುತ್ತಲಿನ ಯಾವ ಊರಲ್ಲಿ ನಾಟಕವಾದರೂ ರಂಗದ ಮುಂದಿನ ತಗ್ಗಿನಲ್ಲಿ ಇವರದೇ ಆಸನ. ಹೋದ ವರ್ಷ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಒಂದೇ ಕಾಲಿನಲ್ಲಿ ತುಳಿದರೆ ಪೇಟಿಯ ದನಿ ಬಿಕ್ಕಳಿಸುತ್ತಿತ್ತು. ಕೈಪೇಟಿ ತಂದು ಹೆಂಡತಿ ಶಿವಗಂಗಮ್ಮ ಗಾಳಿ ಹಾಕಿ ನೋಡಿದರು. ಎರಡನೆಯ ಹಾಡಿಗೇ ಗಂಡಹೆಂಡಿರ ನಡುವೆ ಮಾತು ನಿಂತಿತು.

ಆಗ ಅಶೋಕ ಹೇಳಿದ, "ಮಾಸ್ತರ, ಕಂಪ್ಯೂಟರಿಗೆ ಗಾಳಿ ಬ್ಯಾಡ್ರಿ. ಸ್ವರದ ಕೀಬೋರ್ಡ್ ಕಟ್ಟಿ ಬಲಗೈಲೆ ನುಡಸ್ರಿ, ಸಾಕು."

ಮಾತು ಸರಿಯಾಗಿಯೇ ಇತ್ತು, ಕೀಬೋರ್ಡೂ ಬಂತು. ಆದರೆ ನನ್ನೊಳಗೆ ಯಾವ ಸಾಫ್ಟ್‌ವೇರ್ ಹಾಕಬೇಕು? ಅಯ್ಯೋ, ಹೆಣ್ಣು ನೋಡುವುದಕ್ಕೂ ಇಷ್ಟು ಮಂದಿ ಸೇರುವುದಿಲ್ಲ.

ಮೊದಲು ಬಂದವನು ಮಾಸ್ತರರ ತಂಗಿಯ ಮಗ ವೀರೇಶ. ಬಿಳಿ ಬೂಟು, ಕೈಯಲ್ಲಿ ಪೆನ್ ಡ್ರೈವ್. ಅದನ್ನು ನನ್ನ ಮುಂಭಾಗದ ಕಿಂಡಿಗೆ ಹೇಳದೆ ಕೇಳದೆ ಚುಚ್ಚಿದ. ಅದರಲ್ಲಿ ಒಂದು ಚಿಕ್ಕ ಸಾಫ್ಟ್‌ವೇರ್ ಇತ್ತು. ಪರದೆಯ ಮೇಲೆ ಸ್ವರ ಒತ್ತುವ ಮನೆಗಳ ಒಂದು ಸಾಲು, ಒಂದು ಪೇಟಿಯ ದನಿ, ಅಷ್ಟೇ. ನನಗೆ ಹೂ ಎತ್ತಿದಷ್ಟು ಹಗುರ.

ಮಾಸ್ತರರು ಒಂದು ಸ್ವರ ಒತ್ತಿದರು. "ಇದೇನಲೇ, ಅಂಗನವಾಡಿ ಆಟಿಗಿ ತಂದೀಯಲ್ಲ?"

"ಹಂಗಾದ್ರ ಇದು ನೋಡ್ರಿ ಮಾವಾ. ಬಣ್ಣದ ಇಟ್ಟಂಗಿ ಇದ್ದಂಗ ಅದಾವ. ಎಳದ ಎಳದ ಜೋಡಿಸಿದ್ರ ಹಾಡು ತಯಾರ. ಹೊಸಬ್ರಿಗೆ ಭಾಳ ಛಲೋ."

"ಯಾರಲೇ ಹೊಸಬ? ನಿಮ್ಮವ್ವನ ಮದುವ್ಯಾಗ ಪೇಟಿ ಬಾರಿಸಿದವ ನಾ."

"ಸಂಗೀತಕ್ಕ ಅಲ್ರಿ, ಕಂಪ್ಯೂಟರಿಗೆ ಹೊಸಬ್ರು."

"ಹಂಗನ್ನು."

ಇಟ್ಟಿಗೆ ಜೋಡಿಸಿದರು. ನಾನು ಡಂ ಡಂ ಎಂದೆ. ರಾಣಿ ಅಳುವ ಹಾಡಿಗೂ ಡಂ ಡಂ, ಖಳನಾಯಕ ಸಾಯುವ ಹಾಡಿಗೂ ಡಂ ಡಂ. ಒಳಗಿನಿಂದ ಶಿವಗಂಗಮ್ಮ, "ಏನ್ರೀ, ಗಿರಣಿ ಸುರು ಮಾಡೀರೇನು?" ಎಂದು ಕೇಳಿದರು.

ಸಂಜೆಗೆ ಅಶೋಕ ಬಂದು ಬೇರೊಂದು ದೊಡ್ಡ ಸಾಫ್ಟ್‌ವೇರ್ ಹಾಕಿದ. "ವೀರೇಶನ ಮಾತ ಬದಿಗಿಡ್ರಿ ಮಾಸ್ತರ. ದೊಡ್ಡ ದೊಡ್ಡ ಸ್ಟುಡಿಯೋದವ್ರು ಬಳಸೂದು ಇದ."

"ಇದರಾಗ ಗುಂಡಿ ಭಾಳ ಅದಾವೇನು?"

"ಲೆಕ್ಕ ಇಲ್ರಿ!"

"ಹಂಗಾರ ಇದ ಇರಲಿ."

ಕೇಳಿದಿರಾ ನ್ಯಾಯ! ಪೇಟಿಯವರ ರೂಢಿ ಅದು. ಪೇಟಿಯಲ್ಲಿ ಗುಂಡಿ ಹೆಚ್ಚಿದ್ದಷ್ಟೂ ಒಳಗೆ ಸ್ವರದ ಸಾಲು ಹೆಚ್ಚು, ದನಿ ತುಂಬು, ಮಾಸ್ತರರ ಮಾನವೂ ಹೆಚ್ಚು. ಆ ಅಳತೆಗೋಲನ್ನೇ ನನ್ನ ಮೇಲೂ ಇಟ್ಟರು. ಆನೆಯನ್ನು ತಂದು ಆಡಿನ ಬೆನ್ನಿಗೆ ಏರಿಸಿದ ಹಾಗಾಯಿತು. ಮಾಸ್ತರರು 'ಸಾ' ಒತ್ತಿದರೆ ನಾನು ಏದುಸಿರು ಬಿಟ್ಟು ಆಮೇಲೆ 'ಸಾ' ಎನ್ನುವೆ, ಅಷ್ಟರಲ್ಲಿ ಅವರು 'ಗ'ದಲ್ಲಿ. ದನಿ ಬರಲಿಲ್ಲವೆಂದು ಅವರಿಗೆ ಸಿಟ್ಟು. ಸಿಟ್ಟು ಬಂದರೆ ಬಲಗಾಲು ತಾನಾಗಿ ಗಾಳಿ ತುಳಿಯುತ್ತದೆ. ಕಾಲ ಮುಂದೆ ಇರುವವನು ಯಾರು? ನಾನು. ನನ್ನ ಮುಖದ ಸ್ವಿಚ್ಚಿಗೇ ಅಂಗಾಲು ಬಿದ್ದು ಎಷ್ಟು ಸಲ ಕಣ್ಣು ಮುಚ್ಚಿದೆನೋ. "ನೋಡು ನೋಡು, ಮತ್ತ ಕೆಟ್ಟತು!" ಎಂದು ಬೈಗುಳ ಮಾತ್ರ ನನಗೆ.

ದನಿ ತಡವಾಗುವುದಕ್ಕೆ ಅಶೋಕನೇ ಮದ್ದು ಹೇಳಿದ: ಬರಲಿರುವ ನಾಟಕದ ಎಲ್ಲ ಹಾಡುಗಳನ್ನೂ ಮೊದಲೇ ತುಂಬಿಟ್ಟು, ತಾಲೀಮಿನಲ್ಲಿ ಒಂದು ಗುಂಡಿ ಒತ್ತಿದರಾಯಿತು. ಮಾಸ್ತರರು ಮಧ್ಯಾಹ್ನಗಳನ್ನೆಲ್ಲ ಸುರಿದು ತುಂಬಿದರು. ತಾಳಕ್ಕೆಂದು ನಾನು ಟಿಕ್ ಟಿಕ್ ಎನ್ನಬೇಕು, ಅವರು ನನ್ನ ಹಿಂದೆ ಬರಬೇಕು. ಅವರ ಕಾಲು ಜೀವಮಾನದಲ್ಲಿ ಯಾರ ಹಿಂದೆಯೂ ಹೋದದ್ದಲ್ಲ, ಹಾಡುವವರ ಉಸಿರಿನ ಹಿಂದೆ ಹೋದದ್ದು ಬಿಟ್ಟರೆ. ಅದು ನೆಲದ ಮೇಲೆ ತಡವರಿಸುವುದನ್ನು ನಾನು ನೋಡಿದೆ. ಏನು ಹೇಳಲಿ, ನನಗೆ ಬಾಯಿ ಎಲ್ಲಿದೆ?

ತಾಲೀಮಿನ ದಿನ ನನ್ನನ್ನು ಆಟೋದಲ್ಲಿ ಹೇರಿ ಪಕ್ಕದ ಹಳ್ಳಿಯ ಸಮುದಾಯ ಭವನಕ್ಕೆ ಒಯ್ದರು. ನಾಟಕದ ಮಂಡಳಿಯವರು ಮೊದಲೇ ಹೇಳಿದ್ದರು: ಇವತ್ತು ಹೊಂದಿದರೆ ಫಕ್ಕೀರಯ್ಯನವರೇ, ಇಲ್ಲದಿದ್ದರೆ ಬೇರೆ ಮಾಸ್ತರರನ್ನು ಕರೆಸುವುದು. ತಾಲೀಮು ನೋಡಲೂ ಹಳ್ಳಿಯವರು ಕಿಕ್ಕಿರಿದಿದ್ದರು. ರಾಣಿಯ ಪಾತ್ರಕ್ಕೆ ಗದಗಿನಿಂದ ಕಸ್ತೂರಕ್ಕ ಬಂದಿದ್ದರು. ಒಡೆದ ಹಿಮ್ಮಡಿ, ಬೆಳ್ಳಿಯ ಕಾಲುಂಗುರ, ಭವನ ತುಂಬುವ ಕಂಠ.

ಗುಂಡಿ ಒತ್ತಿದರು. ನಾನು ಹೊರಟೆ. ಕಸ್ತೂರಕ್ಕನೂ ಹೊರಟರು. ಮೇಲಿನ ಷಡ್ಜಕ್ಕೆ ಹೋದವರು ಅಲ್ಲೇ ನಿಂತುಬಿಟ್ಟರು, ಜನ ಚಪ್ಪಾಳೆ ತಟ್ಟುವವರೆಗೂ ಇಳಿಯುವುದಿಲ್ಲ ಎಂಬಂತೆ. ನಾಟಕದಲ್ಲಿ ಹಾಗೆಯೇ ತಾನೇ. ನಾನು ಮಾತ್ರ ನಿಲ್ಲಲಾರೆ. ತುಂಬಿಸಿದ್ದನ್ನು ಉಗುಳುತ್ತ ಮುಂದಕ್ಕೆ ಓಡಿದೆ.

"ಮಾಸ್ತರ," ಕಸ್ತೂರಕ್ಕ ಹಾಡು ನಿಲ್ಲಿಸಿ ಕೂಗಿದರು, "ನಿಮ್ಮ ಪೇಟಿ ಯಾರ ಮನಿಗೆ ಹೊಂಟೈತ್ರಿ? ನಾ ಇನ್ನ ಇಲ್ಲೇ ನಿಂತೀನಿ!"

ಜನ ನಕ್ಕರು. ಹೇಗೋ ಹಾಡು ಮುಗಿಯಿತು. ಜನಕ್ಕೆ ಕಂಠ ಹಿಡಿಸಿತ್ತು. "ವನ್ಸ್ ಮೋರ್! ವನ್ಸ್ ಮೋರ್!" ಎಂದು ಎದ್ದು ನಿಂತರು. ಕಸ್ತೂರಕ್ಕ ಮತ್ತೆ ಬಾಯಿ ತೆರೆದರು, ನಾನು ಖಳನಾಯಕನ ಹಾಡು ಶುರು ಮಾಡಿದ್ದೆ. ನಿಲ್ಲಿಸಲು ಮಾಸ್ತರರು ಗುಂಡಿ ಹುಡುಕಿದರು. ಲೆಕ್ಕವಿಲ್ಲದಷ್ಟು ಗುಂಡಿ! ಕೊನೆಗೆ ಬಲಗಾಲು ಎತ್ತಿ ನನ್ನ ಮುಖಕ್ಕೇ ಒದ್ದರು. ಆ ಒದೆತಕ್ಕೆ ನಾನು ಕೃತಜ್ಞ.

ಮಂಡಳಿಯ ಹಿರಿಯರ ಚಪ್ಪಲಿಗಳು ಮೆಲ್ಲಗೆ ಹತ್ತಿರ ಬಂದವು. "ಮಾಸ್ತರ, ನಿಮಗ್ಯಾಕ ಈ ತ್ರಾಸ? ಬ್ಯಾರೇದವರನ್ನ ಕರಸ್ತೀವಿ. ನೀವು ಮುಂದಿನ ಸಾಲಿನಾಗ ಆರಾಮ ಕುಂತು ನೋಡ್ರಲ್ಲ."

ಮಾಸ್ತರರ ಬಲಗಾಲು ಚಪ್ಪಲಿ ಹುಡುಕತೊಡಗಿತು.

ಮನೆಗೆ ಬಂದೆವು. ರೊಟ್ಟಿ ಮುಂದಿಟ್ಟು ಶಿವಗಂಗಮ್ಮ ಕೇಳಿದರು, "ಏನ್ರೀ, ವೀರೇಶ ಮೊದಲ ದಿನ ಹಾಕಿದ್ನಲ್ಲ ಸಣ್ಣದು, ಅದು ಎಲ್ಲಿ ಹೋತು?"

"ಅದು ಕೂಸುಗಳ ಆಟಿಗಿ."

"ಒತ್ತಿದ್ರ ಅಂತಿತ್ತು, ಬಿಟ್ರ ಸುಮ್ಮನಾಗ್ತಿತ್ತು. ನಿಮ್ಮ ಕಾಲಪೇಟಿ ಮತ್ತೇನ ಮಾಡ್ತಿತ್ತು?"

ನಾನು ಇಲ್ಲಿ ಕೆಳಗೆ ಕೂಗುತ್ತಿದ್ದೆ: ಇದೆ, ಇದೆ, ನನ್ನೊಳಗೇ ಒಂದು ಮೂಲೆಯಲ್ಲಿ ಇದೆ! ಮಗ್ಗುಲು ಗುಂಯ್ ಎಂದಿತು, ಅಷ್ಟೇ.

ಮರುದಿನ ಬೆಳಿಗ್ಗೆ ಮಾಸ್ತರರು ಆನೆಯನ್ನು ಮುಚ್ಚಿ ಆ ಚಿಕ್ಕದನ್ನು ತೆರೆದರು. ಒತ್ತಿದರು. ಬೆರಳು ಮನೆ ಮುಟ್ಟುವಷ್ಟರಲ್ಲಿ ನಾನು ದನಿ ಕೊಟ್ಟೆ. ಬಿಟ್ಟರು, ಸುಮ್ಮನಾದೆ. ಬಲಗಾಲು ತುಳಿಯತೊಡಗಿತು. ಶಿವಗಂಗಮ್ಮ ಬಗ್ಗಿ ನನ್ನನ್ನು ಒಂದಿಷ್ಟು ಹಿಂದಕ್ಕೆ ಸರಿಸಿದರು. ಇಷ್ಟು ದಿನ ಯಾರಿಗೂ ಹೊಳೆಯದ ಕೆಲಸ!

ಊಟದ ಹೊತ್ತಿಗೆ ಕಸ್ತೂರಕ್ಕನನ್ನು ಕರೆಸಿದರು. "ಬಾರವಾ, ಎಲ್ಲಿ ಬೇಕಾದಲ್ಲಿ ನಿಂದ್ರು," ಎಂದರು ಮಾಸ್ತರರು. ಆಕೆ ಬೇಕೆಂದೇ ನಿಂತರು. ಷಡ್ಜದಲ್ಲಿ ನಿಂತು, ನೀರು ಕುಡಿದು, ಮತ್ತೆ ಅಲ್ಲೇ ನಿಂತರು. ಮಾಸ್ತರರ ಒಂದು ಬೆರಳು ಆ ಸ್ವರದ ಮೇಲೆಯೇ ಇತ್ತು. ಆಕೆ ಇಳಿದಾಗ ಅದೂ ಇಳಿಯಿತು. "ಮಂಡಳಿಯವ್ರಿಗೆ ನಾ ಹೇಳ್ತೀನ್ರಿ," ಎಂದು ಕಾಲುಂಗುರದ ಕಾಲುಗಳು ಹೊರಟವು. "ಈ ಮಾಸ್ತರ ಇಲ್ಲಂದ್ರ ರಾಣಿನೂ ಇಲ್ಲ."

ನಾಟಕ ನಡೆಯಿತು. ರಂಗದ ಮುಂದಿನ ತಗ್ಗಿನಲ್ಲಿ ಮಾಸ್ತರರು, ಅವರ ಕಾಲಡಿಯಲ್ಲಿ ನಾನು. ಜನ "ವನ್ಸ್ ಮೋರ್" ಎಂದು ಕೂಗಿದಾಗ ಬಲಗಾಲು ನಿಂತಿತು. ನಾನೂ ನಿಂತೆ. ಕಸ್ತೂರಕ್ಕ ಕೆಮ್ಮಿ ದನಿ ಸರಿಪಡಿಸಿಕೊಂಡು ಉಸಿರು ಎಳೆಯುವವರೆಗೂ ನಾವಿಬ್ಬರೂ ಕಾದೆವು. ಇಷ್ಟು ವರ್ಷ ಎಷ್ಟೋ ಕೆಲಸ ಮಾಡಿದ್ದೇನೆ, ಹೀಗೆ ಸುಮ್ಮನೆ ಕಾದದ್ದು ಅದೇ ಮೊದಲು.

ಈಗ ನನಗೆ ಮುಪ್ಪು. ಫ್ಯಾನು ಕೆಮ್ಮುತ್ತದೆ, ಮಗ್ಗುಲಿಗೆ ಶಿವಗಂಗಮ್ಮ ಮಡಿಸಿದ ರಟ್ಟು ಸಿಕ್ಕಿಸಿದ್ದಾರೆ. ಹಳೆಯ ಕಾಲುಪೇಟಿಯ ಪಕ್ಕದ ಮೂಲೆಯೇ ನನ್ನ ಮನೆ. ಒಳಗೆ ಆ ಚಿಕ್ಕದೊಂದು ಬಿಟ್ಟು ಮಿಕ್ಕದ್ದನ್ನೆಲ್ಲ ತೆಗೆಸಿದ್ದಾರೆ. ಹಾಯಾಗಿದ್ದೇನೆ ಎನ್ನೋಣವೆಂದರೆ ಬಿಡುತ್ತಾರೆಯೇ? ನಿನ್ನೆ ಮತ್ತೆ ಬಿಳಿ ಬೂಟು ಬಂತು.

"ಮಾವಾ, ಹೊಸಾದೊಂದು ಬಂದೈತ್ರಿ. ಹೊಸಬ್ರಿಗಂತನ ಮಾಡ್ಯಾರ. ತಾನ ಹಾಡು ಕಟ್ಟತೈತಿ, ನೀವು ಮುಟ್ಟೂದ ಬ್ಯಾಡ!"

ಬಗ್ಗಿದ. ಪೆನ್ ಡ್ರೈವ್ ನನ್ನ ಕಿಂಡಿಯತ್ತ ಬಂತು. ಮುಗಿಯಿತು ಕಥೆ ಎಂದುಕೊಂಡೆ. ಅಷ್ಟರಲ್ಲಿ, ಲಕ್ವಾ ಹೊಡೆದಂದಿನಿಂದ ಯಾರ ಮಾತನ್ನೂ ಕೇಳದ ಮಾಸ್ತರರ ಎಡಗಾಲು ನೆಲಕ್ಕೆ ಉಜ್ಜಿಕೊಳ್ಳುತ್ತ, ನಿಧಾನವಾಗಿ, ಗೇಣುದ್ದ ತೆವಳಿ ಬಂದು ನನ್ನ ಕಿಂಡಿಗೆ ಅಡ್ಡ ನಿಂತಿತು.