ತಮ್ಮನ ತೋಳಿನ ಕಪ್ಪಕ್ಷರ

ಛಾಪಖಾನೆ ನಡೆಸುವ ಅಕ್ಕನಿಗೆ ಆ ಅಕ್ಷರಗಳ ಸಹವಾಸ ಇಪ್ಪತ್ತು ವರ್ಷದ್ದು. ಅಗಲ ಮೂತಿಯ ಲೇಖನಿಯಲ್ಲಿ ಬರೆದ ಹಾಗೆ ಕಪ್ಪಗೆ, ಒತ್ತೊತ್ತಾಗಿ, ಮೂಲೆಮೂಲೆಗೂ ಚೂಪಾಗಿ ನಿಂತ ಹಳೇ ಕಾಲದ ಇಂಗ್ಲಿಷ್ ಅಕ್ಷರ. ಅವಳ ಬಾಯಲ್ಲಿ ಅದು ಬರೀ ಕಪ್ಪಕ್ಷರ. ಪದವಿಪತ್ರಕ್ಕೂ ಅದೇ, ಪತ್ರಿಕೆಯ ಹೆಸರಿಗೂ ಅದೇ. ಬಿಯರ್ ಬಾಟಲಿಯ ಚೀಟಿಗೂ ಅದೇ, ಸತ್ತವರ ನೆನಪಿನ ಕಾರ್ಡಿಗೂ ಅದೇ. ಅದು ಹರಸುತ್ತದೋ ಹೆದರಿಸುತ್ತದೋ, ಅವಳಿಗೆ ಇವತ್ತಿಗೂ ತಲೆಬುಡ ತಿಳಿದಿಲ್ಲ.

ಅಂಥದ್ದರಲ್ಲಿ ಒಂದು ಮಧ್ಯಾಹ್ನ ಅವಳ ತಮ್ಮ ಬಂದು, ಅಂಗಿಯ ತೋಳು ಮಡಚಿ, ಮೇಜಿನ ಮೇಲೆ ಕೈ ಚಾಚಿದ.

"ಅಕ್ಕಾ, ಇಲ್ಲಿ ಅಮ್ಮನ ಹೆಸರು ಹಚ್ಚೆ ಹಾಕಿಸ್ಕೋಬೇಕು. ನಿನ್ನ ಕಪ್ಪಕ್ಷರದಲ್ಲಿ ಬರೆದುಕೊಡು."

ಅಪ್ಪನ ಕೊನೆಗಾಲಕ್ಕೆ ಬರಲಿಲ್ಲವೆಂದು ಅಮ್ಮ ಮೂರು ವರ್ಷದಿಂದ ಇವನ ಜೊತೆ ಮಾತು ಬಿಟ್ಟಿದ್ದಳು. ಇವನು ಹೊಸ್ತಿಲು ತುಳಿದರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದಳು. ತನ್ನ ಹೆಸರು ನೋಡಿಯಾದರೂ ಕರಗಿಯಾಳು ಎಂದು ಇವನ ಆಸೆ.

"ಬದುಕಿರೋರಿಗೆ ಇದು ಬೇಡ ಕಣೋ. ಹೋದ ವಾರ ತಾನೇ ಇದರಲ್ಲಿ ನಾಲ್ಕು ಸಾವಿನ ಕಾರ್ಡ್ ಮಾಡಿದೀನಿ."

"ನನ್ನ ಡಿಪ್ಲೊಮಾನೂ ಇದರಲ್ಲೇ ಇತ್ತಲ್ಲ! ಗೌರವದ ಅಕ್ಷರ ಇದು. ಎಲ್ಲಾ ಕ್ಯಾಪಿಟಲ್ಲಲ್ಲೇ ಇರಲಿ. ಅಮ್ಮನ ಹೆಸರಿಗೆ ಚಿಕ್ಕಕ್ಷರ ಯಾಕೆ?"

ಈ ಕಸುಬಿನಲ್ಲಿ ಮೊದಲು ಕಲಿಸುವುದೇ ಅದು: ಕಪ್ಪಕ್ಷರದಲ್ಲಿ ಮೊದಲನೆಯದೊಂದೇ ಕ್ಯಾಪಿಟಲ್, ಮಿಕ್ಕವೆಲ್ಲ ಚಿಕ್ಕವು. ಸುರುಳಿ, ಬಾಲ, ಮುಳ್ಳು ಎಲ್ಲ ಹೊತ್ತ ಆ ದೊಡ್ಡಕ್ಷರಗಳನ್ನು ಸಾಲಾಗಿ ನಿಲ್ಲಿಸಿದರೆ ಬರೆದವರಿಗೂ ಓದಲಾಗದು. ಅಕ್ಕ ಅದನ್ನೂ ಹೇಳಿದಳು.

"ಇದೊಂದು ಸಲ, ಅಕ್ಕಾ," ಎಂದ ತಮ್ಮ, ಚಾಚಿದ ಕೈ ತೆಗೆಯದೆ. ಹಾಳಾಗಿ ಹೋಗಲಿ ಎಂದು, ತಿಳಿದೂ ತಿಳಿದೂ, ಅವನು ಕೇಳಿದ ಹಾಗೇ ಬರೆದುಕೊಟ್ಟಳು.

ಭಾನುವಾರ ಬೆಳಿಗ್ಗೆ ತಮ್ಮ ಹಚ್ಚೆ ಹಾಕಿಸಿಕೊಂಡು ಅಮ್ಮನ ಮನೆಗೆ ಬಂದಾಗ ಅಕ್ಕನೂ ಅಲ್ಲಿದ್ದಳು. ಅಮ್ಮ ಎಂದಿನಂತೆ ಎದ್ದಳು. ಇವನು ತೋಳು ಮುಂದೆ ಚಾಚಿದ. ಅಮ್ಮ ನಿಂತು ಕನ್ನಡಕ ಏರಿಸಿದಳು. ಅವನ ಮಣಿಕಟ್ಟು ಹಿಡಿದು ಕಿಟಕಿಯ ಬೆಳಕಿಗೆ ಎಳೆದಳು. ತೋಳನ್ನು ಹೀಗೆ ತಿರುಗಿಸಿದಳು, ಹಾಗೆ ತಿರುಗಿಸಿದಳು.

"ಏನೋ ಇದು, ಕಬ್ಬಿಣದ ಗೇಟಿನ ಚಿತ್ರಾನಾ?"

ತಮ್ಮನ ಮುಖ ಸಣ್ಣಗಾಯಿತು. ಎಲ್ಲ ಕೆಟ್ಟಿತು, ತನ್ನ ಕೈಯಾರೆ ಕೆಡಿಸಿದೆ ಎಂದುಕೊಂಡ ಅಕ್ಕ, "ಅಮ್ಮಾ, ಅದು..." ಎಂದು ಬಾಯಿ ತೆರೆದಳು.

ಅಮ್ಮನಿಗೆ ಅದು ಕೇಳಿಸಿದಂತಿರಲಿಲ್ಲ. ಅಕ್ಷರಗಳ ಸುತ್ತ ಕೆಂಪಗೆ ಊದಿಕೊಂಡಿದ್ದ ಚರ್ಮದ ಮೇಲೆ ಮೆಲ್ಲಗೆ ಹೆಬ್ಬೆರಳು ಆಡಿಸುತ್ತಿದ್ದಳು.

"ತುಂಬಾ ನೋವಾಯ್ತೇನೋ?"

ಮೂರು ವರ್ಷದಲ್ಲಿ ಇದು ಅವಳ ಎರಡನೆಯ ಮಾತು. ತಮ್ಮ ಬಿಕ್ಕಿಬಿಕ್ಕಿ ಅತ್ತ. ಯಾರ ಹೆಸರೆಂದು ಅಮ್ಮ ಕೇಳಲೇ ಇಲ್ಲ. ಹೇಳಬೇಕೋ ಬೇಡವೋ, ನಗಬೇಕೋ ಅಳಬೇಕೋ ತಿಳಿಯದೆ ಅಕ್ಕ ಪಿಳಿಪಿಳಿ ಕಣ್ಣು ಬಿಡುತ್ತ ನಿಂತಳು.

"ನೋಡ್ತಾ ನಿಂತಿದೀಯಲ್ಲೇ," ಎಂದಳು ಅಮ್ಮ, ಮಗನ ಕೈ ಬಿಡದೆ, "ಹೋಗಿ ಮುಲಾಮು ತಗೊಂಡ್ ಬಾ."