ಜಿರಳೆ ರೆಕ್ಕೆಯ ಬಣ್ಣ

ಖಿಯೆಮ್ ಮುದುಕ ಹತ್ತು ತಿಂಗಳಿಂದ ಒಂದು ಸೀಸೆಯನ್ನು ಕಾಯುತ್ತಿದ್ದ. ಹಣದ ಗಂಟನ್ನೂ ಯಾರೂ ಹಾಗೆ ಕಾಯುವುದಿಲ್ಲ. ಹೆಂಡತಿ ಥಾಮ್ ಹೋದ ಸಲದ ತೆತ್ ಎಂಬ ಹೊಸವರ್ಷದ ಹಬ್ಬಕ್ಕೆ ಕಾಸಿಟ್ಟ ತೆಂಗಿನ ನೀರಿನ ಪಾಕ ಅದರಲ್ಲಿತ್ತು. ಹಬ್ಬ ಕಳೆದು ಎರಡು ತಿಂಗಳಿಗೆ ಥಾಮ್ ತೀರಿಕೊಂಡಳು. ಸೀಸೆಯ ತಳದಲ್ಲಿ ಒಂದು ಪಾತ್ರೆ ಹಂದಿಮಾಂಸಕ್ಕೆ ಬಣ್ಣ, ರುಚಿ ಕೊಡಲು ಆಗುವಷ್ಟು ಪಾಕ ಉಳಿಯಿತು.

"ಇದನ್ನ ಯಾರೂ ಮುಟ್ಟಕೂಡದು. ಹಬ್ಬದ ಪಾತ್ರೆಗೆ ಇದೇ ಬೀಳಬೇಕು," ಎಂದು ಅವನು ಸೊಸೆ ಲುವಾಗೆ ಕಟ್ಟಪ್ಪಣೆ ಮಾಡಿದ್ದ. ವರ್ಷದ ಕೊನೆಯ ದಿನ ಮಧ್ಯಾಹ್ನ ತೀರಿಕೊಂಡವರನ್ನೆಲ್ಲ ಮನೆಗೆ ಕರೆದು ಉಣಬಡಿಸುವುದು ವಾಡಿಕೆ. ಈ ಸಲ ಹಿರಿಯರ ಪಟಗಳ ಸಾಲಿನಲ್ಲಿ ಥಾಮಳ ಪಟವೂ ಇತ್ತು. ಅವಳು ಬಂದ ದಿನ ಅವಳದೇ ರುಚಿ ಇರಲಿ, ತನ್ನ ನಾಲಿಗೆಗೂ ಅದು ಇನ್ನೊಂದೇ ಒಂದು ಸಲ ತಾಗಲಿ ಎನ್ನುವುದು ಅವನ ಆಸೆ. ಬೇರೆ ಯಾವ ಆಸೆಯೂ ಅವನಿಗೆ ಉಳಿದಿರಲಿಲ್ಲ. ಲುವಾ ಕಾಂತೊ ಪಟ್ಟಣದ ಹುಡುಗಿ, ಮದುವೆಯಾಗಿ ಇನ್ನೂ ಎರಡು ವರ್ಷ. ಅಂಗಡಿಯ ಪಾಕ ತಂದು ವರ್ಷವಿಡೀ ಅಡುಗೆ ಸಾಗಿಸಿದಳು, ಮಾವನ ಸೀಸೆಯ ತಂಟೆಗೆ ಹೋಗಲಿಲ್ಲ.

ಹಿರಿಯರ ಊಟದ ಹಿಂದಿನ ದಿನ ಬೆಳಿಗ್ಗೆ ಮುದುಕ ಸೀಸೆಯನ್ನು ತಾನೇ ಕೆಳಗಿಳಿಸಿ ಬೆಳಕಿಗೆ ಹಿಡಿದ. ಪಾಕದ ಮೇಲೆ ಬೆರಳು ದಪ್ಪದ ಬಿಳಿ ಬೂಷ್ಟು ಕೂತಿತ್ತು.

"ಯಾರು ಕೈ ಹಾಕಿದ್ದು ಇದಕ್ಕೆ?" ಎಂದು ಅಡುಗೆಮನೆ ನಡುಗುವಂತೆ ಕೂಗಿದ.

ಲುವಾ ಬಾತುಕೋಳಿ ಮೊಟ್ಟೆಯ ಸಿಪ್ಪೆ ಸುಲಿಯುತ್ತಾ ತಲೆ ತಗ್ಗಿಸಿ ಕೂತಳು. ಅವಳ ತಗ್ಗಿದ ತಲೆ ನೋಡಿ ಮುದುಕನಿಗೆ ತನ್ನದೇ ಬೆರಳು ನೆನಪಾಯಿತು. ಹಬ್ಬಕ್ಕೆ ಉಳಿಯಲೆಂದು ಹೋದ ತಿಂಗಳು ನಿಲ್ಲಿಸುವ ತನಕ, ದಿನಾ ಸಂಜೆ ಕಾಲುವೆಯಲ್ಲಿ ಕೈಕಾಲು ತೊಳೆದು ಬಂದವನೇ ಮುಚ್ಚಳ ತೆಗೆದು, ಹನಿ ಒರೆಸದ ಬೆರಳಿನಲ್ಲಿ ಒಂದಿಷ್ಟು ಅದ್ದಿ ನೆಕ್ಕುತ್ತಿದ್ದವನು ಅವನೇ. ಒದ್ದೆ ಚಮಚ ತಾಗಿದರೆ ಪಾಕ ಕೆಡುತ್ತದೆ ಎಂದು ಥಾಮ್ ನಲವತ್ತು ವರ್ಷ ಬಡಕೊಂಡಿದ್ದಳು. ಮಾಡಿದ್ದುಣ್ಣೋ ಮಹರಾಯ. ಅವನು ಸೀಸೆಯನ್ನು ನೆಲದ ಮೇಲಿಟ್ಟ.

"ಹಾಳಾಗಿ ಹೋಯ್ತು ಕಣಮ್ಮ. ನಾನೇ ಹಾಳು ಮಾಡಿದೆ."

"ಅಂಗಡಿದು ಇದೆ, ಮಾವ."

"ಅಂಗಡಿದು ಅವಳ ಮುಂದೆ ಇಡ್ತೀಯಾ? ಎದ್ದು ಬಂದು ಪಾತ್ರೆ ಮಗುಚ್ತಾಳೆ."

"ಹಾಗಾದ್ರೆ ಕಾಯಿ ಒಡೀರಿ. ಕಾಸೋಣ."

"ನಿಂಗೆ ಬರುತ್ತಾ?"

"ಇಲ್ಲ. ನಿಮಗೆ?"

ಅವನಿಗೆ ಬರುತ್ತಿದ್ದುದು ಎರಡೇ ಕೆಲಸ. ಒಂದು ಕಾಯಿ ಒಡೆಯುವುದು, ಇನ್ನೊಂದು ಬಣ್ಣ ಹೇಳುವುದು. ಕಡೆಯ ಆರು ವರ್ಷ ಥಾಮಳ ಕಣ್ಣಿಗೆ ಪೊರೆ ಬಂದಿತ್ತು. ಬಾಣಲೆಯ ಮುಂದೆ ಕೂತು, "ಏನ್ರೀ, ಈಗ ಎಂಥ ಬಣ್ಣ?" ಎಂದು ಕೇಳುತ್ತಿದ್ದಳು. ಚಹಾ, ಬೆಲ್ಲ, ಹುಣಸೆ ಎಂದು ಇವನು ಒಂದೊಂದೇ ಹೇಳುತ್ತಾ ಹೋಗಿ, ಕಡೆಗೆ "ಜಿರಳೆ ರೆಕ್ಕೆ" ಎನ್ನುವಾಗ ಅವಳು ಬಾಣಲೆ ಇಳಿಸುತ್ತಿದ್ದಳು. ಒಳ್ಳೆಯ ಪಾಕದ ಬಣ್ಣಕ್ಕೆ ಈ ಸೀಮೆಯಲ್ಲಿ ಅದೇ ಹೆಸರು, ಕೇಳಿದವರು ಯಾರೂ ಮೂಗು ಮುರಿಯುವುದಿಲ್ಲ.

ಮುದುಕ ಮೂವತ್ತು ಬಲಿತ ಕಾಯಿ ಒಡೆದ. ನೀರೆಲ್ಲ ದೊಡ್ಡ ಬಾಣಲೆಗೆ ಬಿತ್ತು, ತೆಂಗಿನ ಗರಿಯ ಉರಿ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ನೀರು ಅರ್ಧವಾಯಿತು. ಸಂಜೆಯ ಹೊತ್ತಿಗೆ ತಳದಲ್ಲಿ ಒಂದಂಗುಲ ಉಳಿದು, ದಪ್ಪ ಗುಳ್ಳೆ ಎದ್ದು ಒಡೆಯತೊಡಗಿತು.

"ಎಂಥ ಬಣ್ಣ, ಮಾವ?" ಎಂದು ಲುವಾ ಕೇಳಿದಳು.

"ಬೆಲ್ಲ."

"ಈಗ?"

"ಹುಣಸೆ."

ಆಮೇಲೆ ಬಣ್ಣ ಬಂದೇಬಿಟ್ಟಿತು. ಅವನಿಗೆ ಕಂಡಿತು ಕೂಡ. ಆದರೆ ಥಾಮ್ ಯಾವಾಗಲೂ ಎರಡು ಸಲ ಕೇಳುತ್ತಿದ್ದಳು, "ಸರಿಯಾಗಿ ನೋಡ್ರೀ" ಎನ್ನುತ್ತಿದ್ದಳು. ಆ ಎರಡನೆಯ ಮಾತಿಗಾಗಿ ಅವನು ಬಾಣಲೆಯನ್ನೇ ನೋಡುತ್ತಾ ಕಾದ. ಅದು ಬರಲಿಲ್ಲ. ಸುಟ್ಟ ವಾಸನೆಯ ಎಳೆ ಮೂಗಿಗೆ ತಾಗಿದ್ದೇ ಲುವಾ ಬಾಣಲೆ ಎಳೆದು ಕೆಳಗಿಟ್ಟಳು.

"ಒಂದು ಚೂರು ಹೆಚ್ಚಾಯ್ತಾ?"

"ಹೆಚ್ಚಾಯ್ತು."

ಮರುದಿನ ಬೆಳಗಾಗುವ ಮುಂಚೆಯೇ ಒಲೆ ಹೊತ್ತಿತು. ಚರ್ಮ, ಕೊಬ್ಬು, ಮಾಂಸ ಮೂರೂ ಪದರವಿದ್ದ ಅಂಗೈಯಗಲದ ತುಂಡುಗಳಿಗೆ ಉಪ್ಪು ಹಾಕಿ ಹುದುಗಿಸಿದ ಮೀನಿನ ರಸ, ಬೆಳ್ಳುಳ್ಳಿ, ಆ ಪಾಕ, ಮೇಲೆ ಮುಳುಗುವಷ್ಟು ಎಳನೀರು ಬಿತ್ತು. ಮುಚ್ಚಳ ಹಾಕಿದರೆ ರಸ ಮಂಕಾಗುತ್ತದೆಂದು ಪಾತ್ರೆಯನ್ನು ತೆರೆದೇ ಇಟ್ಟರು. ಸಣ್ಣ ಉರಿಯಲ್ಲಿ ಅದು ಗಂಟೆಗಟ್ಟಲೆ ಬೆಂದಿತು. ಅದಕ್ಕೇ ಹಾಕಿದ ಮೊಟ್ಟೆಗಳು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿದವು. ಲುವಾ ಚಮಚದಲ್ಲಿ ರಸ ಎತ್ತಿದಾಗ ಮುದುಕ ಗದರಿದ.

"ಹಿರಿಯರಿಗೆ ಇಡೋಕೆ ಮುಂಚೆ ರುಚಿ ನೋಡ್ತಾರೇನಮ್ಮ? ನಿಮ್ಮತ್ತೆ ಒಂದು ದಿನ ನೋಡಿದವಳಲ್ಲ."

"ಅತ್ತೆಗೆ ನೋಡೋ ಅಗತ್ಯ ಇರ್ಲಿಲ್ಲ. ನಮಗಿದೆ," ಎಂದಳು ಅವಳು. ಆದರೂ ಚಮಚ ಕೆಳಗಿಟ್ಟಳು.

ಮಧ್ಯಾಹ್ನ ಬಟ್ಟಲುಗಳನ್ನು ಪಟದ ಮುಂದಿಟ್ಟು ಊದುಬತ್ತಿ ಹಚ್ಚಿದರು. ಬತ್ತಿ ಉರಿದು ಮುಗಿಯುವ ತನಕ ಹಿರಿಯರ ಊಟ, ಆಮೇಲೆ ಮನೆಯವರದು. ಮಗ ವಿನ್ ಅನ್ನಕ್ಕೆ ರಸ ಹಾಕಿಕೊಂಡು ಬಾಯಿಗಿಟ್ಟ.

"ಚೆನ್ನಾಗಿದೆ ಅಪ್ಪ," ಎಂದು ತಡೆದು, "ಅಮ್ಮಂದಕ್ಕಿಂತ ಸ್ವಲ್ಪ ಕಹಿ," ಎಂದ.

ಮುದುಕನೂ ತಿಂದ. ಮಾಂಸ ನಾಲಿಗೆಯ ಮೇಲೆ ಕರಗಿತು, ಸಿಹಿಯಿತ್ತು, ಉಪ್ಪಿತ್ತು. ಆದರೆ ಕೊನೆಯಲ್ಲಿ ಕಹಿಯೊಂದು ಉಳಿಯಿತು. ಅದು ಥಾಮಳ ರುಚಿಯಲ್ಲ. ಆ ರುಚಿ ಇನ್ನು ಈ ಭೂಮಿಯ ಮೇಲೆ ಎಲ್ಲೂ ಇಲ್ಲ ಎನ್ನುವುದು ಅವನಿಗೆ ಮಣ್ಣು ಮಾಡಿದ ದಿನವೂ ಹೀಗೆ ಗೊತ್ತಾಗಿರಲಿಲ್ಲ. ಅವನು ಬಟ್ಟಲು ಹಿಡಿದುಕೊಂಡೇ ಅತ್ತುಬಿಟ್ಟ.

ಅತ್ತು ಮುಗಿಸಿ ಮೂಗೊರೆಸಿಕೊಂಡ.

"ನಲವತ್ತು ವರ್ಷ ಊರಿಗೆಲ್ಲ ಬೇಯಿಸಿ ಹಾಕಿದಳು. ಇನ್ನೊಬ್ಬರು ಮಾಡಿದ ಹಬ್ಬದೂಟ ಅವಳು ಉಂಡದ್ದು ಇವತ್ತೇ. ಕಹಿ ಅಂತ ಬಯ್ಕೊಂಡೇ ಉಂಡಿರ್ತಾಳೆ," ಎಂದು ಬಟ್ಟಲನ್ನು ಸೊಸೆಯತ್ತ ಚಾಚಿದ. "ಇನ್ನೊಂದು ತುಂಡು ಹಾಕು."

ಊಟವಾದ ಮೇಲೆ ಅವನು ಅಡುಗೆಮನೆಗೆ ಹೋದ. ಥಾಮಳ ಸೀಸೆ ತೊಳೆಸಿಕೊಂಡು, ಬಿಸಿಲಿಗೆ ಒಣಗಿ, ಉಳಿದ ಹೊಸ ಪಾಕ ತುಂಬಿಕೊಂಡು ತನ್ನ ಜಾಗದಲ್ಲಿ ಕೂತಿತ್ತು.

"ಒಣ ಚಮಚನೇ ಹಾಕಬೇಕು, ಗೊತ್ತಾಯ್ತಾ?" ಎಂದು ಅವನು ಅಲ್ಲಿದ್ದ ಸೊಸೆಗೆ ಗತ್ತಿನಿಂದ ಹೇಳಿದ.

"ಯಾರಿಗೆ ಹೇಳ್ತಿದೀರಿ, ಮಾವ?"

ಅವಳು ಸೀಸೆಯ ಹಿಂದಿನಿಂದ ಒಂದು ಪುಟ್ಟ ಭರಣಿ ತೆಗೆದು ಅವನ ಕೈಗಿಟ್ಟಳು. ಅದರಲ್ಲೂ ಪಾಕವಿತ್ತು.

"ದಿನಾ ಸಂಜೆ ನೋಡ್ತಿದ್ದೆ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ," ಎಂದಳು ಲುವಾ. "ಅದು ಅಡುಗೆಗೆ. ಇದು ನಿಮ್ಮ ಬೆರಳಿಗೆ."