ಮನಿ ನೋಡಾಕ ಹೋದ ದಿನ

ಪೊಲೀಸರಿಗೆ ಹೇಳಿದಾಕಿ ಮಗ್ಗಲ ಮನಿ ಅಡಿವೆವ್ವನ ಅಂತ ನನಗ ಖಾತ್ರಿ ಇತ್ತು. ಗೋಡಿಗೆ ಗೋಡಿ ಹತ್ತಿದ ಮನಿ, ನಾವು ಕೆಮ್ಮಿದ್ರೂ ಆಕಿಗೆ ಕೇಳತೈತಿ. ಬುಧವಾರ ಮುಂಜಾನೆ ಪೊಲೀಸರು ಬಂದು ನನ್ನ ಮಗ ಬಸ್ಯಾನ್ನ ಉಣ್ಣೋ ತಾಟಿನ ಮುಂದಿಂದ ಎಬ್ಬಿಸಿ ಜೀಪ್ ಹತ್ತಿಸಿದಾಗ, ಆಕಿ ತನ್ನ ಬಾಗಲದಾಗ ಸೆರಗು ಬಾಯಿಗೆ ಹಿಡಕೊಂಡು ನಿಂತಿದ್ಲು. ನೋಡಿ ನನ್ನ ಮೈ ಉರೀತು.

ಸೋಮವಾರ ಮಧ್ಯಾಹ್ನ ನಮ್ಮೂರು ಜಕ್ಕಲಿಯ ಹೊಲಗಳಾಗಿನ ಐದು ಬೋರಿನ ಕೇಬಲ್ ಯಾರೋ ಕೊಯ್ದು ಒಯ್ದಿದ್ರು. ಸೋಮವಾರ ನಮ್ಮ ಕಡೆ ಎತ್ತು ಹೂಡೂದಿಲ್ಲ, ಹೊಲದಾಗ ನರಪಿಳ್ಳಿ ಇರೂದಿಲ್ಲ. ಅವತ್ತು ಹೊಲದ ಕಡೆ ಯಾರು ಹೋಗಿದ್ರು ಅಂತ ಪೊಲೀಸರು ಓಣಿ ಓಣಿ ಕೇಳಿದ್ರ, ಸಿಕ್ಕದ್ದು ಒಂದ ಹೆಸರು. ನಮ್ಮ ಬಸ್ಯಾಂದು.

ನಾನು ಸೆರಗು ಸಿಗಿಸಿಕೊಂಡು ಅಡಿವೆವ್ವನ ಬಾಗಲಕ್ಕ ಹೋದೆ. ಬಾಯಿಗೆ ಬಂದಂಗ ಬೈದೆ. ನಿನ್ನ ಬಾಯಾಗ ಮಣ್ಣ ಬೀಳ್ಲಿ ಅಂತನೂ ಅಂದೆ. ಆಕಿ ಎಲ್ಲಾ ಕೇಳಿಸಿಕೊಂಡು ಸಾವಕಾಶ ಅಂದ್ಲು: “ಬಸ್ಯಾ ಹೊಲಕ್ಕ ನೀರು ಹಾಯಿಸಾಕ ಹೋಗ್ಯಾನ ಅಂತ ನೀನ ಹೇಳಿದ್ಯಲ್ಲ ಚನ್ನವ್ವ. ನಾನೇನು ಕನಸು ಕಂಡಿದ್ನೇನು?”

ಹೌದು, ನಾನ ಹೇಳಿದ್ದೆ. ತಿರುಗಿ ಮನಿಗೆ ಬಂದೆ.

ಖರೇ ಅಂದ್ರ ಬಸ್ಯಾ ಅವತ್ತು ಹೊಲದ ಕಡೆ ಮಾರಿನೂ ಹಾಕಿರಲಿಲ್ಲ. ನಾನು, ನನ್ನ ಗಂಡ ದ್ಯಾಮಪ್ಪ, ಬಸ್ಯಾ, ಮೂರೂ ಮಂದಿ ಹೊಳೆಮಣ್ಣೂರಿಗೆ ಹೋಗಿದ್ವಿ. ಮಗಳು ಸುವರ್ಣಾಗ ಅಲ್ಲಿಯ ಹೇಮಪ್ಪನ ಮಗ ದ್ಯಾಮೇಶನ್ನ ನೋಡಿದ್ವಿ. ಗಜೇಂದ್ರಗಡದಾಗ ನನ್ನ ತಂಗಿ ಮನಿಗೆ ಬಂದು ಅವರು ಹುಡುಗಿನ್ನ ನೋಡಿ ಒಪ್ಪಿದ್ರು. ಇನ್ನ ನಾವು ಹೋಗಿ ಅವರ ಮನಿ ನೋಡೂದಿತ್ತು. ಇಂಥಾ ಮಾತು ಗಟ್ಟಿ ಆಗೂತನಕ ಊರಾಗ ಯಾರೂ ಬಿಟ್ಟುಕೊಡೂದಿಲ್ಲ. ಗೊತ್ತಾತಂದ್ರ ಯಾರರೆ ಹೋಗಿ ಇಲ್ಲದ್ದು ಹಚ್ಚಿ ಮುರಿದು ಬರ್ತಾರ. ಅದಕ್ಕ ನಾವು ಗಂಡ ಹೆಂಡ್ತಿ ದವಾಖಾನಿ ಅಂತ ಹೇಳಿ ಬಸ್ ಹತ್ತಿದ್ವಿ, ಬಸ್ಯಾ ಹೊಲ ಅಂತ ಹೇಳಿ ಬೈಕ್ ಮ್ಯಾಲೆ ಹಿಂದಿಂದ ಬಂದ. ಸೋಮವಾರ ಐತಿ ಅನ್ನೂದು ನನ್ನ ತಲಿಗೆ ಹೊಳೀಲೇ ಇಲ್ಲ. ಸುಳ್ಳು ಹೇಳಾಕೂ ಒಂಚೂರು ಬುದ್ಧಿ ಬೇಕಲ್ಲ.

ಬಸ್ಯಾ ಠಾಣೇದಾಗೂ ಹೊಲದಾಗ ಇದ್ದೆ ಅಂತನ ಹೇಳಿದ್ನಂತ. ತಂಗಿ ಸಲುವಾಗಿ.

ದ್ಯಾಮಪ್ಪಂದು ಒಂದ ಹಟ, ಸುಮ್ಮನಿರೂಣು ಅಂತ. ಕದ್ದಿಲ್ಲ ಅಂದಮ್ಯಾಲೆ ಎರಡು ದಿನಕ್ಕ ಬಿಡ್ತಾರ. ಬಾಯಿ ಬಿಟ್ವಿ ಅಂದ್ರ ಪೊಲೀಸರು ನೆಟ್ಟಗ ಹೇಮಪ್ಪನ ಬಾಗಲಕ್ಕ ಹೋಗ್ತಾರ. ಲಗ್ನಕ್ಕ ಮೊದಲ ಪೊಲೀಸರನ್ನ ಮನಿಗೆ ಕಳಿಸಿದ ಬೀಗರು ಯಾರಿಗೆ ಬೇಕು ಅಂದ. ಸುವರ್ಣಾ ಅಡಗಿ ಮನಿಯಾಗ ಭಾಂಡೆ ದಡದಡ ಇಟ್ಲು. ಆಕಿಗೆ ಆ ಹುಡುಗ ಮನಸಿಗೆ ಬಂದಿದ್ದು ನನಗ ಗೊತ್ತಿತ್ತು. ಒಂದು ಕಡೆ ಮಗ, ಒಂದು ಕಡೆ ಮಗಳು. ಹಡೆದಾಕಿ ಏನು ಮಾಡಬೇಕು?

ಶುಕ್ರವಾರ ಠಾಣೆಗೆ ಬುತ್ತಿ ಒಯ್ದೆ. ಬಸ್ಯಾನ ತುಟಿ ಬಾತಿತ್ತು. ಕೇಳಿದ್ರ ಬಿದ್ದೆ ಅಂದು ನಕ್ಕ. ಆ ನಗಿ ನೋಡಿ ನನಗ ತಡಿಯಾಕ ಆಗ್ಲಿಲ್ಲ. ದ್ಯಾಮಪ್ಪ ಹೊರಗ ಚಹಾದಂಗಡಿಯಾಗ ಕುಂತಿದ್ದ. ನಾನು ಒಬ್ಬಾಕಿನ ಫೌಜದಾರನ ಮುಂದ ಹೋಗಿ ಎಲ್ಲಾ ಹೇಳಿದೆ.

ಅಂವ ನನ್ನನ್ನ ಮ್ಯಾಲಿಂದ ಕೆಳಗ ನೋಡಿದ. ಮೊದಲು ಹೊಲ ಅಂದ್ರಿ, ಈಗ ಹೊಳೆಮಣ್ಣೂರ ಅಂತೀರಿ, ನಾಳೆ ಕಾಶಿ ಅಂತೀರೇನು ಅಂದ. ಹೇಮಪ್ಪನ ನಂಬರ್ ತಗೊಂಡು ಹಚ್ಚಿ, ಎಲ್ಲಾರಿಗೂ ಕೇಳೂ ಹಂಗ ಟೇಬಲ್ ಮ್ಯಾಲಿಟ್ಟ.

“ಜಕ್ಕಲಿಯವರಾ? ನಮಗ ಗುರುತ ಇಲ್ರಿ ಸಾಹೇಬ್ರ,” ಅಂದ ಹೇಮಪ್ಪ.

ಅಂವಗ ಬೈಯಾಕ ನನಗ ಬಾಯಿ ಎಲ್ಲಿತ್ತು? ನಾವು ಮೂರು ದಿನ ಮಾಡಿದ್ದನ್ನ ಅಂವನೂ ಮಾಡಿದ್ದ. ಆದ್ರ ಒಳಗ ಇದ್ದಂವ ನನ್ನ ಮಗ. ಟೇಬಲ್ ಮ್ಯಾಲೆ ಬಗ್ಗಿ, ಉಡಚವ್ವ ಇದ್ರ ಕೇಳು ತಾಯಿ, ನಮ್ಮ ಹುಡುಗನ್ನ ಬಡಿಯಾಕತ್ತಾರ, ನೀನರೆ ಇದ್ದದ್ದು ಹೇಳು ಅಂತ ಹೇಮಪ್ಪನ ಹೆಂಡ್ತಿ ಹೆಸರು ಹಿಡಿದು ಕೂಗಿದೆ. ಆ ಕಡೆ ಫೋನ್ ಎಳದಾಡಿದ ಸಪ್ಪಳಾತು. ಒಂದು ಹರೇದ ದನಿ ಕೇಳ್ತು. ಅದು ದ್ಯಾಮೇಶಂದು.

“ನಿನಗ್ಯಾಕ ಬೇಕವ್ವ ಅವರ ಉಸಾಬರಿ? ಫೋನ್ ಇಡು.”

ಉಡಚವ್ವ ಇಡ್ಲಿಲ್ಲ. ಸೋಮವಾರ ಮೂರೂ ಮಂದಿ ಬಂದಿದ್ರು, ಸಂಜಿತನಕ ಇದ್ರು, ಆ ಹುಡುಗನ ತಾಟಿಗೆ ನನ್ನ ಕೈಲೆ ನೀಡೀನಿ ಅಂದ್ಲು. ಬೇಕಾದ್ರ ಬಂದು ಓಣ್ಯಾಗ ಕೇಳ್ರಿ ಸಾಹೇಬ್ರ ಅಂದ್ಲು. ಫೌಜದಾರ ಮಂದಿ ಕಳಿಸಿ ಕೇಳಿಸಿದ, ಹೊತ್ತು ಮುಳುಗೂದರಾಗ ಬಸ್ಯಾನ್ನ ಬಿಟ್ಟ.

ಸಂಬಂಧ ಹೋತು ಅಂತ ನಾವು ಕೈ ತೊಳಕೊಂಡಿದ್ವಿ. ಆದ್ರ ರವಿವಾರ ಹೇಮಪ್ಪ ತಾನ ಫೋನ್ ಮಾಡಿದ. ಹೆದರಿ ಹಂಗಂದೆ, ಮನಸಿಗೆ ಹಚ್ಚಿಕೋಬ್ಯಾಡ್ರಿ, ಲಗೂ ಒಂದು ಚಲೋ ದಿನ ನೋಡೂಣು ಅಂದ್ನಂತ. ದ್ಯಾಮಪ್ಪನ ಕಾಲು ನೆಲದ ಮ್ಯಾಲೆ ನಿಲ್ಲವೊಲ್ಲವು. ಹಿಂದಿಂದು ಕೆದಕಬ್ಯಾಡ, ಸುವರ್ಣಾನ ಮುಂದಂತೂ ಏನೂ ಆಡಬ್ಯಾಡ ಅಂತ ನನಗ ಕಣ್ಣಿಲೆ ಹೇಳಿದ. ಅಂವಗ ಗೊತ್ತಿದ್ದದ್ದು ಹೇಮಪ್ಪನ ಮಾತು ಅಷ್ಟ. ಫೋನಿನ್ಯಾಗ ಹುಡುಗ ಆಡಿದ ಆ ಇನ್ನೊಂದು ಮಾತನ್ನ ನಾನು ಯಾರ ಮುಂದೂ ಆಡಿರಲಿಲ್ಲ.

ಸಂಜಿಮುಂದ ಸುವರ್ಣಾ ನನ್ನ ಮಗ್ಗಲಿಗೆ ಬಂದು ಕುಂತ್ಲು. ನಾಕು ದಿನದ ಮ್ಯಾಲೆ ಮಾರಿ ಮ್ಯಾಲೆ ನಗಿ ಇತ್ತು. ಅವತ್ತು ಫೋನ್ ಹಚ್ಚಿದಾಗ ಅವರು ಮನಿಯಾಗಿದ್ರೇನವ್ವ ಅಂತ ಕೇಳಿದ್ಲು.

ಇರಲಿಲ್ಲ ಅಂದಿದ್ರ ಮುಗೀತಿತ್ತು. ಆ ನಗಿ ಹಂಗ ಉಳೀತಿತ್ತು, ಮುಂದಿನ ತಿಂಗಳು ಚಪ್ಪರ ಏಳ್ತಿತ್ತು. ನನಗ ಭಾಳ ಸಂಕಟ ಆತು, ಆದ್ರೂ ದ್ಯಾಮೇಶ ಮನಿಯಾಗ ಇದ್ದ ಅಂದೆ. ಅಂವ ಏನಂದ ಅನ್ನೂದನ್ನೂ, ಒಂದು ಅಕ್ಷರ ಬಿಡದಂಗ ಹೇಳಿದೆ.

ಆಕಿ ಅಳ್ತಾಳ ಅನ್ಕೊಂಡಿದ್ದೆ. ಅಳ್ಲಿಲ್ಲ. ನೆಟ್ಟಗ ನನ್ನನ್ನ ನೋಡಿದ್ಲು.

“ಅಪ್ಪಗ ನೀ ಹೇಳ್ತೀಯೋ, ನಾ ಹೇಳ್ಲೋ?” ಅಂದ್ಲು.